ಕಾಯಿಲೆ ಇರುವವರು ಮತ್ತೆ ಓಡಬಹುದೇ?

ಶಾಲೆಯಲ್ಲಿದ್ದಾಗ ಓಟದ ಪಂದ್ಯಗಳಲ್ಲಿ ಬಹುಮಾನ ಗೆದ್ದವರು ನಮ್ಮ ಪ್ರತಿಯೊಂದು ಧರ್ಮಕೇಂದ್ರದಲ್ಲೂ ಇದ್ದಾರೆ. ಮದುವೆ, ಮಕ್ಕಳು, ನೌಕರಿ ಎಂದು ಮೂವತ್ತು ವರ್ಷ ಕಳೆದುಹೋಗುತ್ತದೆ. ಐವತ್ತೈದು ದಾಟುವ ಹೊತ್ತಿಗೆ ಸಕ್ಕರೆ ಕಾಯಿಲೆಯೋ, ರಕ್ತದೊತ್ತಡವೋ, ಉಬ್ಬಸವೋ ಜೊತೆಗೂಡಿರುತ್ತದೆ. ಅಂಥವರಲ್ಲೊಬ್ಬರು ಒಂದು ದಿನ "ನಾನು ಮತ್ತೆ ಓಡುತ್ತೇನೆ" ಎಂದರೆ ಮನೆಯಲ್ಲಿ ಏನಾಗುತ್ತದೆ? "ಈ ವಯಸ್ಸಿನಲ್ಲಿ ನಿಮಗಿದೆಲ್ಲಾ ಬೇಕೇ? ಏನಾದರೂ ಆದರೆ ನಮ್ಮ ಗತಿಯೇನು?" ಎಂದು ಹೆಂಡತಿ ಕೇಳುತ್ತಾರೆ. "ನನ್ನ ದೇಹ, ನನ್ನಿಷ್ಟ" ಎಂದು ಗಂಡ ಗೊಣಗುತ್ತಾರೆ. ಇಬ್ಬರ ಮಾತಿನಲ್ಲೂ ಒಂದಿಷ್ಟು ಸತ್ಯವಿದೆ. ಆದರೆ ಎರಡೂ ಪೂರ್ಣ ಸತ್ಯವಲ್ಲ. ವೈದ್ಯರು ಔಷಧಿಯ ವಿಷಯ ಹೇಳಬಲ್ಲರು. ದೇವರು ಕೊಟ್ಟ ದೇಹವನ್ನು ಹೇಗೆ ಬಳಸಬೇಕು, ಮನೆಯವರಿಗಾಗಿ ಎಷ್ಟು ಬಿಟ್ಟುಕೊಡಬೇಕು ಎಂಬುದು ಮಾತ್ರ ನಮ್ಮ ಮನಸ್ಸಾಕ್ಷಿಯ ಪ್ರಶ್ನೆ.

ಸಂತ ಪೌಲರು ಕ್ರೈಸ್ತ ಜೀವನವನ್ನು ಓಟದ ಪಂದ್ಯಕ್ಕೆ ಹೋಲಿಸಿದ್ದು ನಮಗೆಲ್ಲ ತಿಳಿದಿದೆ. ಕೊರಿಂಥ ಪಟ್ಟಣದ ಹತ್ತಿರ ಎರಡು ವರ್ಷಕ್ಕೊಮ್ಮೆ ದೊಡ್ಡ ಕ್ರೀಡಾಕೂಟ ನಡೆಯುತ್ತಿತ್ತು. ಆದ್ದರಿಂದ ಅಲ್ಲಿನ ಸಭೆಗೆ ಈ ಹೋಲಿಕೆ ಸುಲಭವಾಗಿ ಅರ್ಥವಾಗುತ್ತಿತ್ತು. ಆದರೆ ಅದೇ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಅವರು ತಮ್ಮ ಶರೀರದಲ್ಲಿ ನೆಟ್ಟ ಮುಳ್ಳಿನ ಬಗ್ಗೆಯೂ ಹೇಳುತ್ತಾರೆ. ಅದನ್ನು ತೆಗೆದುಹಾಕಬೇಕೆಂದು ಮೂರು ಸಲ ಪ್ರಾರ್ಥಿಸಿದರೂ ಅದು ಹೋಗಲಿಲ್ಲ. ಮುಳ್ಳು ಏನೆಂದು ಅವರು ಹೇಳಿಲ್ಲ. ಓಟದ ಮಾತನ್ನಾಡಿದವರು ಮುಳ್ಳನ್ನು ಹೊತ್ತೇ ನಡೆದರು ಎಂಬುದಷ್ಟೇ ನಮಗೆ ಸಾಕು.

ನಮ್ಮ ಕಾಲದ ಎರಡು ಉದಾಹರಣೆಗಳನ್ನು ನೋಡೋಣ. ಎರಡೂ ಅಮೆರಿಕದಲ್ಲಿ ನಡೆದವು.

ಫ್ರೆಡ್ ಲೆಬೋ ನ್ಯೂಯಾರ್ಕ್ ಮ್ಯಾರಥಾನ್ ಓಟವನ್ನು ಕಟ್ಟಿ ಬೆಳೆಸಿದವರು. 1970ರಲ್ಲಿ ಒಂದು ಉದ್ಯಾನದೊಳಗೆ ನಡೆದ ಮೊದಲ ಓಟವನ್ನು ಮುಗಿಸಿದವರು 55 ಜನ. ಅವರಲ್ಲಿ ಲೆಬೋ 45ನೆಯವರು. 1976ರಲ್ಲಿ ಆ ಓಟ ನಗರದ ಐದೂ ಭಾಗಗಳ ಬೀದಿಗಳಿಗೆ ಬಂತು. ಸಾವಿರಾರು ಜನರನ್ನು ಅಲ್ಲಿ ಓಡಿಸಿದ ಲೆಬೋ ಮಾತ್ರ ವ್ಯವಸ್ಥೆಯ ಗಡಿಬಿಡಿಯಲ್ಲಿ ಆ ದಾರಿಯಲ್ಲಿ ಓಡಿರಲಿಲ್ಲ. 1990ರಲ್ಲಿ ಅವರಿಗೆ ಮೆದುಳಿನ ಕ್ಯಾನ್ಸರ್ ಇರುವುದು ಗೊತ್ತಾಯಿತು. ಚಿಕಿತ್ಸೆಯಿಂದ ರೋಗ ಸ್ವಲ್ಪ ಹಿಂದೆ ಸರಿದಾಗ, 1992ರಲ್ಲಿ, ತಮ್ಮ ಅರವತ್ತನೆಯ ವಯಸ್ಸಿನಲ್ಲಿ ಆ 42.195 ಕಿಲೋಮೀಟರ್ ಓಡಲು ನಿಶ್ಚಯಿಸಿದರು.

ಅವರ ಜೊತೆಗೆ ಓಡಿದವರು ನಾರ್ವೆ ದೇಶದ ಗ್ರೇಟೆ ವೈಟ್ಸ್. ಇದೇ ಓಟವನ್ನು ಒಂಬತ್ತು ಸಲ ಗೆದ್ದ ಮಹಿಳೆ. 1978ರಲ್ಲಿ ಅವರು ಮೊದಲ ಸಲ ಗೆದ್ದಾಗ ತೆಗೆದುಕೊಂಡ ಸಮಯ 2 ಗಂಟೆ 32 ನಿಮಿಷ 30 ಸೆಕೆಂಡು. ಲೆಬೋ ಅವರ ಜೊತೆಗೆ ಅದೇ ದೂರವನ್ನು ಮುಗಿಸಲು ಹಿಡಿದದ್ದು 5 ಗಂಟೆ 32 ನಿಮಿಷ 34 ಸೆಕೆಂಡು. ಸರಿಸುಮಾರು ಮೂರು ಗಂಟೆ ಹೆಚ್ಚು! ಜಗತ್ತಿನ ಅತಿ ವೇಗದ ಓಟಗಾರ್ತಿಯರಲ್ಲೊಬ್ಬರು ಒಬ್ಬ ರೋಗಿಯ ಹೆಜ್ಜೆಗೆ ತಮ್ಮ ಹೆಜ್ಜೆಯನ್ನು ಹೊಂದಿಸಿಕೊಂಡರು. ಇಬ್ಬರೂ ಜೊತೆಯಾಗಿ ಗುರಿ ಮುಟ್ಟಿದರು. 1994ರಲ್ಲಿ ಲೆಬೋ ತೀರಿಕೊಂಡರು. ಓಟ ಅವರ ಕ್ಯಾನ್ಸರನ್ನು ಗುಣಪಡಿಸಲಿಲ್ಲ. ಅವರು ನಿಧಾನವಾಗಿ ಓಡಲು ನಾಚಲಿಲ್ಲ ಎಂಬುದೇ ನಾವು ಗಮನಿಸಬೇಕಾದ ಸಂಗತಿ.

ಎರಡನೆಯವರು ಜಿಮ್ ಫಿಕ್ಸ್. 35ನೆಯ ವಯಸ್ಸಿನಲ್ಲಿ ಸಿಗರೇಟು ಬಿಟ್ಟು, ಓಡಿ ತೂಕ ಇಳಿಸಿ, 1977ರಲ್ಲಿ ಓಟದ ಬಗ್ಗೆ ಪುಸ್ತಕ ಬರೆದು ಲಕ್ಷಾಂತರ ಜನರನ್ನು ರಸ್ತೆಗಿಳಿಸಿದರು. ಅವರ ತಂದೆ ಹೃದಯರೋಗಕ್ಕೆ ತುತ್ತಾಗಿ 43ನೆಯ ವಯಸ್ಸಿನಲ್ಲೇ ತೀರಿಹೋಗಿದ್ದರು. ಹೃದಯ ಪರೀಕ್ಷೆ ಮಾಡಿಸಿಕೊಳ್ಳುವಂತೆ ತಾವು ಕರೆದರೂ ಫಿಕ್ಸ್ ಒಪ್ಪಲಿಲ್ಲವೆಂದು ವೈದ್ಯ ಕೆನೆತ್ ಕೂಪರ್ ಮುಂದೆ ತಿಳಿಸಿದರು. 1984ರ ಜುಲೈ 20ರಂದು, 52ನೆಯ ವಯಸ್ಸಿನಲ್ಲಿ, ಓಡಲು ಹೋದ ಫಿಕ್ಸ್ ದಾರಿಯಲ್ಲೇ ಪ್ರಾಣಬಿಟ್ಟರು. ಅವರ ಹೃದಯದ ರಕ್ತನಾಳಗಳು ಬಹುಮಟ್ಟಿಗೆ ಕಟ್ಟಿಕೊಂಡಿದ್ದವು. ಇದನ್ನು ಓದಿ "ನೋಡಿದಿರಾ, ಓಟ ಅವರನ್ನು ಕೊಂದಿತು" ಎನ್ನಬಾರದು. ಓಟ ಅವರ ಆಯುಸ್ಸಿಗೆ ಕೆಲವು ವರ್ಷಗಳನ್ನು ಸೇರಿಸಿರಲೂಬಹುದು. ಆದರೆ ಕಾಲುಗಳು ಗಟ್ಟಿಯಾಗಿವೆ ಎಂದ ಮಾತ್ರಕ್ಕೆ ಹೃದಯವೂ ಗಟ್ಟಿಯಾಗಿದೆ ಎಂದು ನಂಬುವುದು ವಿಶ್ವಾಸವಲ್ಲ.

ಈ ಇಬ್ಬರ ನಡುವಿನ ವ್ಯತ್ಯಾಸ ಧೈರ್ಯದಲ್ಲಿಲ್ಲ. ಒಬ್ಬರು ತಮ್ಮ ಕಾಯಿಲೆಯನ್ನು ಬಲ್ಲವರಾಗಿ ಓಡಿದರು; ಇನ್ನೊಬ್ಬರು ಅದನ್ನು ತಿಳಿಯಲು ಒಪ್ಪದೆ ಓಡಿದರು.

ಲೆಬೋ ಓಡಿದ ಅದೇ 1992ರಲ್ಲಿ ಬೆಳಕಿಗೆ ಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ, ಆರೋಗ್ಯದ ಪಾಲನೆಯನ್ನು ಕೊಲೆಯನ್ನು ನಿಷೇಧಿಸುವ ಐದನೆಯ ಆಜ್ಞೆಯ ಕೆಳಗೆ ಇರಿಸಿದೆ. ಪ್ರಾಣವೂ ಆರೋಗ್ಯವೂ ದೇವರ ಕೊಡುಗೆಗಳು, ನಾವು ಅವುಗಳ ಒಡೆಯರಲ್ಲ, ಪಾಲಕರು; ಇತರರ ಅಗತ್ಯವನ್ನೂ ಗಮನದಲ್ಲಿಟ್ಟು ಅವನ್ನು ತಕ್ಕಮಟ್ಟಿಗೆ ಕಾಪಾಡಿಕೊಳ್ಳಬೇಕು ಎಂದು ಅದು ಬೋಧಿಸುತ್ತದೆ. ಜೊತೆಗೇ, ದೇಹವನ್ನೇ ದೇವರನ್ನಾಗಿ ಮಾಡಿಕೊಳ್ಳುವುದನ್ನೂ ಖಂಡಿಸುತ್ತದೆ. ಅಂದರೆ ತಪ್ಪು ಎರಡು ಕಡೆಯಿಂದಲೂ ಬರಬಹುದು. ಹಟಕ್ಕೆ ಬಿದ್ದು ಓಡುವುದು ಒಂದು ತಪ್ಪು. ಕಾಯಿಲೆಯ ನೆಪದಲ್ಲಿ ಕುರ್ಚಿಗೆ ಅಂಟಿಕೊಂಡು, ಇರುವ ಶಕ್ತಿಯನ್ನೂ ಹೂತಿಡುವುದು ಇನ್ನೊಂದು. ನಡುವೆ ದಾರಿ ತೋರಿಸುವುದು ವಿವೇಕ ಎಂಬ ಸದ್ಗುಣ.

ಈ ವಿವೇಕ ದಿನನಿತ್ಯದಲ್ಲಿ ಹೇಗಿರುತ್ತದೆ? ಮೊದಲು ವೈದ್ಯರ ಪರೀಕ್ಷೆ, ನಂತರವೇ ಬೂಟು. ಮೊದಲ ವಾರಗಳಲ್ಲಿ ನಡಿಗೆ, ಆಮೇಲೆ ನಡಿಗೆಯ ನಡುವೆ ಒಂದೆರಡು ನಿಮಿಷದ ಓಟ. ಉಸಿರು ಬೇಗ ಹದಕ್ಕೆ ಬರುತ್ತದೆ, ಆದರೆ ಮೂಳೆ, ಸ್ನಾಯುಬಂಧಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಪಕ್ಕದವರೊಡನೆ ಮಾತನಾಡಲು ಆಗದಷ್ಟು ಏದುಸಿರು ಬಂದರೆ ವೇಗ ಹೆಚ್ಚಾಯಿತೆಂದು ತಿಳಿಯಬೇಕು. ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ಓಡುವಾಗ ಮಾತ್ರವಲ್ಲ, ಎಷ್ಟೋ ಗಂಟೆಗಳ ಮೇಲೆ, ರಾತ್ರಿ ಮಲಗಿದಾಗಲೂ ಸಕ್ಕರೆ ಇಳಿಯಬಹುದು. ಜೇಬಿನಲ್ಲಿ ಸಕ್ಕರೆಯ ಪೊಟ್ಟಣ ಇರಲೇಬೇಕು. ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಗುಳ್ಳೆ ಎದ್ದದ್ದೂ ತಿಳಿಯದು, ಆದ್ದರಿಂದ ಮನೆಗೆ ಬಂದು ಪಾದ ನೋಡಿಕೊಳ್ಳಬೇಕು. ರಕ್ತದೊತ್ತಡದ ಕೆಲವು ಮಾತ್ರೆಗಳು ನಾಡಿಯನ್ನು ನಿಧಾನಗೊಳಿಸುತ್ತವೆ. ಅಂಥವರು ನಾಡಿಯ ಎಣಿಕೆಯನ್ನು ನಂಬಿ ವೇಗ ಹೆಚ್ಚಿಸಬಾರದು. ಎದೆ ಹಿಡಿದಂತಾದರೆ, ತಲೆ ಸುತ್ತಿದರೆ ಅಲ್ಲೇ ನಿಂತು ಸಹಾಯ ಕೇಳಬೇಕು.

ಇವೆಲ್ಲ ಸಣ್ಣ ವಿಷಯಗಳಂತೆ ಕಂಡರೂ ಇವುಗಳಲ್ಲೇ ನಮ್ಮ ಮನಸ್ಸಿನ ಪರೀಕ್ಷೆ ಇದೆ. ಅರ್ಧ ದಾರಿಯಿಂದ ಹಿಂದಿರುಗಿ "ಇವತ್ತು ಆಗಲಿಲ್ಲ" ಎಂದು ಮನೆಯಲ್ಲಿ ಹೇಳಬಲ್ಲವರು ನಿಶ್ಚಿಂತೆಯಿಂದ ಓಡಬಹುದು. ಹಾಗೆ ಹೇಳಲು ಆಗದವರು ಓಡುವ ಮೊದಲು ತಮ್ಮ ಹೃದಯವನ್ನು ಎರಡೂ ಅರ್ಥದಲ್ಲಿ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಮನೆಯವರಿಗೂ ಒಂದು ಮಾತು. ನಿಮ್ಮ ಹೆದರಿಕೆ ಪ್ರೀತಿಯಿಂದ ಹುಟ್ಟಿದ್ದು. ನಿಮ್ಮ ಕೇಳಿಕೆಯಂತೆ ಹೋಗುವ ದಾರಿ, ಬರುವ ಸಮಯ ತಿಳಿಸುವುದು ಓಡುವವರು ನಿಮಗೆ ಸಲ್ಲಿಸಬೇಕಾದ ನ್ಯಾಯ. ಆದರೆ ರೋಗಿಯನ್ನು ಗಾಜಿನ ಬೊಂಬೆಯಂತೆ ಕಾಯುವುದರಿಂದ ಅವರ ಬದುಕು ಇನ್ನಷ್ಟು ಕಿರಿದಾಗುತ್ತದೆ. ಗ್ರೇಟೆ ವೈಟ್ಸ್ ಲೆಬೋ ಅವರನ್ನು ತಡೆಯಲಿಲ್ಲ, ಎಳೆದುಕೊಂಡೂ ಹೋಗಲಿಲ್ಲ, ಪಕ್ಕದಲ್ಲಿ ಇದ್ದರು. ಮುಂದೆ 2005ರಲ್ಲಿ ಅವರಿಗೇ ಕ್ಯಾನ್ಸರ್ ಬಂತು. 2011ರಲ್ಲಿ ಸಾಯುವ ಮುನ್ನ, ಕ್ಯಾನ್ಸರ್ ರೋಗಿಗಳಿಗೆ ಆಸ್ಪತ್ರೆಗಳಲ್ಲೇ ವ್ಯಾಯಾಮದ ಅವಕಾಶ ಮಾಡಿಕೊಡುವ ಸಂಸ್ಥೆಯೊಂದನ್ನು ನಾರ್ವೆಯಲ್ಲಿ ಕಟ್ಟಲು ನೆರವಾದರು. ಭಾನುವಾರದ ಪೂಜೆಯ ನಂತರ ಮಗನೋ ಮಗಳೋ ತಂದೆಯ ಜೊತೆ ನಿಧಾನವಾಗಿ ಎರಡು ಕಿಲೋಮೀಟರ್ ಹೋಗಿಬಂದರೆ, ಮನೆಯ ವಾದ ಅರ್ಧ ಮುಗಿದಂತೆಯೇ.

ಇನ್ನು, ಎಷ್ಟು ಆಸೆಯಿದ್ದರೂ ವೈದ್ಯರು "ಬೇಡ" ಎಂದ ನಮ್ಮ ಸಹೋದರ ಸಹೋದರಿಯರಿದ್ದಾರೆ. 2000ದ ಅಕ್ಟೋಬರ್ 29ರಂದು ರೋಮ್‌ನ ಒಲಿಂಪಿಕ್ ಕ್ರೀಡಾಂಗಣದಲ್ಲಿ ಪೋಪ್ ಎರಡನೆಯ ಜಾನ್ ಪೌಲರು ಕ್ರೀಡಾಪಟುಗಳಿಗಾಗಿ ಬಲಿಪೂಜೆ ಅರ್ಪಿಸಿದರು. ಒಂದು ಕಾಲಕ್ಕೆ ಹಿಮದ ಇಳಿಜಾರುಗಳಲ್ಲಿ ಜಾರುತ್ತಿದ್ದ, ಬೆಟ್ಟಗಳನ್ನು ಏರುತ್ತಿದ್ದ ಅವರಿಗೆ ಆಗ ಎಂಬತ್ತು ವರ್ಷ, ನಡೆಯುವುದೇ ಕಷ್ಟವಾಗಿತ್ತು. ಆ ಗಟ್ಟಿಮುಟ್ಟಾದ ಯುವಕರ ನಡುವೆ ಅವರ ದುರ್ಬಲ ದೇಹ ಯಾರಿಗೂ ಕಡಿಮೆಯೆನಿಸಲಿಲ್ಲ. ಓಡಬಲ್ಲವರು ಕೃತಜ್ಞತೆಯಿಂದ ಓಡಲಿ. ಆಗದವರು ಇರುವಷ್ಟು ಶಕ್ತಿಯನ್ನು ಪ್ರೀತಿಯ ಕೆಲಸಕ್ಕೆ ಬಳಸಲಿ. ಯಾರು ಎಷ್ಟು ದೂರ ಹೋದರು ಎಂದು ದೇವರು ಕಿಲೋಮೀಟರ್ ಲೆಕ್ಕದಲ್ಲಿ ಕೇಳುವುದಿಲ್ಲ.