ಏನೂ ಮಾಡಲಾಗದ ದಿನ ನಾನು ಯಾರು?

ಆದಿಕಾಂಡ ಒಂದನೇ ಅಧ್ಯಾಯ ತೆಗೆಯಿರಿ, 26ರಿಂದ 28ನೇ ವಚನ. ಫೋನಲ್ಲಿ ಬೈಬಲ್ ತೆಗೆಯೋರು ಹಾಗೇ ವಾಟ್ಸಾಪ್ ಕಡೆ ಹೋಗಬೇಡಿ. ಆಮೆನ್?

ಸಂದೇಶಕ್ಕೆ ಮುಂಚೆ ನಾನೊಂದು ತಪ್ಪು ಒಪ್ಪಿಕೊಳ್ಳಬೇಕು. ಹೋದ ವರ್ಷ ಇದೇ ಜಾಗದಲ್ಲಿ ನಿಂತು ನಾನು ಒಂದು ಪ್ರಸಂಗ ಮಾಡಿದ್ದೆ. ದೇವರು ನಿನ್ನನ್ನು ದೊಡ್ಡ ಕಾರ್ಯಕ್ಕಾಗಿ ಸೃಷ್ಟಿಸಿದ್ದಾನೆ, ಆತನ ರಾಜ್ಯದಲ್ಲಿ ಸುಮ್ಮನೆ ಕೂತವರಿಗೆ ಜಾಗ ಇಲ್ಲ ಅಂತ ಗಟ್ಟಿಯಾಗಿ ಹೇಳಿದೆ. ನೀವು ಚಪ್ಪಾಳೆ ಹೊಡೆದಿರಿ. ಆವತ್ತು ಹಿಂದಿನ ಸಾಲಿನಲ್ಲಿ, ಫ್ಯಾನ್ ಕೆಳಗೆ, ವೀಲ್‌ಚೇರಿನಲ್ಲಿ ನಮ್ಮ ಅಪ್ಪ ಇದ್ದರು. ನಾನು ಆ ಮಾತು ಹೇಳಿದಾಗ ಅವರು ತಲೆ ತಗ್ಗಿಸಿದ್ದನ್ನು ನೋಡಿದೆ. ನೋಡಿಯೂ ನಿಲ್ಲಿಸಲಿಲ್ಲ.

ಅಪ್ಪ ಟೈಲರ್. ಇಪ್ಪತ್ತೆಂಟು ವರ್ಷ ಮಿಷನ್ ತುಳಿದು ನಮ್ಮನ್ನು ಸಾಕಿದರು. ಮೂರು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ ಹೋಯಿತು, ಮಾತೂ ಹೋಯಿತು. ಆ ಭಾನುವಾರ ರಾತ್ರಿ ನನ್ನ ಮಗಳ ಸ್ಲೇಟ್ ತಗೊಂಡು ಎಡಗೈಯಲ್ಲಿ ವಕ್ರವಾಗಿ ಎರಡೇ ಪದ ಬರೆದರು: "ನಾನು ಯಾಕೆ?"

ಬೈಬಲ್ ಕಾಲೇಜಿನ ಡಿಪ್ಲೊಮಾ ಗೋಡೆ ಮೇಲಿತ್ತು, ಉತ್ತರ ನನ್ನ ಬಾಯಲ್ಲಿ ಇರಲಿಲ್ಲ. ಇನ್ನೂ ಒಂದು ಹೇಳಿಬಿಡ್ತೇನೆ. ಡೈಪರ್ ಬದಲಾಯಿಸಿ ಸುಸ್ತಾದ ಒಂದು ರಾತ್ರಿ, ಕರ್ತನೇ, ಇವರನ್ನು ಇನ್ನೂ ಯಾಕೆ ಇಟ್ಟಿದ್ದೀಯ ಅಂತ ನಾನೂ ಕೇಳಿದ್ದೆ. ಅಪ್ಪನ ಪ್ರಶ್ನೆಯೂ ನನ್ನ ಪ್ರಶ್ನೆಯೂ ಒಂದೇ ಆಗಿತ್ತು.

ದೇವರ ಸ್ವರೂಪ ಅಂದ್ರೆ ಏನು? ನಾವು ಕಲಿತದ್ದು ಹೀಗೆ: ಪ್ರಾಣಿಗಳಿಗಿಲ್ಲದ ಬುದ್ಧಿ, ಭಾಷೆ, ಆಯ್ಕೆ ಮಾಡುವ ಶಕ್ತಿ ನಮಗಿದೆ, ಅದೇ ಸ್ವರೂಪ. ಸಂತ ಅಗಸ್ಟೀನ್ ಅದನ್ನು ಮನುಷ್ಯನ ನೆನಪು, ತಿಳಿವಳಿಕೆ, ಚಿತ್ತ ಈ ಮೂರರಲ್ಲಿ ಹುಡುಕಿದರು. ಮಸುಕಾದರೂ ಆ ಸ್ವರೂಪ ಪೂರ್ತಿ ಅಳಿಯುವುದಿಲ್ಲ ಅಂತಲೂ ಅವರು ಬರೆದರು. ನಾವು ಮೊದಲ ಅರ್ಧ ಇಟ್ಟುಕೊಂಡೆವು, ಎರಡನೇ ಅರ್ಧ ಬಿಟ್ಟೆವು. ಸ್ವರೂಪ ಅಂದ್ರೆ ಬರೀ ಸಾಮರ್ಥ್ಯ ಅಂತಾದರೆ, ಲಕ್ವ ಹೊಡೆದ ದಿನ ಅಪ್ಪನಲ್ಲಿ ದೇವರ ಸ್ವರೂಪ ಅರ್ಧ ಆಯಿತಾ? ನಿನ್ನೆ ಹುಟ್ಟಿದ ಮಗುವಿನಲ್ಲಿ ಕಾಲು ಭಾಗ ಮಾತ್ರ ಇದೆಯಾ? ಹಾಗಂತ ವಾಕ್ಯ ಎಲ್ಲೂ ಹೇಳುವುದಿಲ್ಲ.

ಈಗ ಪದವನ್ನು ನೋಡಿ. 'ಸ್ವರೂಪ' ಅಂತ ಇರುವ ಕಡೆ ಹೀಬ್ರೂವಿನಲ್ಲಿ 'ತ್ಸೆಲೆಮ್', 'ಹೋಲಿಕೆ' ಅಂತ ಇರುವ ಕಡೆ 'ದೆಮೂತ್'. ತ್ಸೆಲೆಮ್ ಅಂದ್ರೆ ಪ್ರತಿಮೆ. 1979ರಲ್ಲಿ ಸಿರಿಯಾದ ತೆಲ್ ಫೆಖೆರಿಯೆ ಎಂಬಲ್ಲಿ ಒಬ್ಬ ಅರಸನ ಕಲ್ಲಿನ ಪ್ರತಿಮೆ ಸಿಕ್ಕಿತು. ಅದರ ಮೇಲಿನ ಅರಾಮಿಕ್ ಬರಹ ಆ ಪ್ರತಿಮೆಯನ್ನು ಕರೆಯುವುದು ಇವೇ ಎರಡು ಪದಗಳ ಅರಾಮಿಕ್ ರೂಪದಿಂದ. ಆ ಕಾಲದಲ್ಲಿ ಅರಸ ತಾನಿಲ್ಲದ ಕಡೆ ತನ್ನ ಪ್ರತಿಮೆ ನಿಲ್ಲಿಸುತ್ತಿದ್ದ. ನೋಡಿದವರಿಗೆ ಈ ಜಾಗ ಯಾರದು ಅಂತ ಗೊತ್ತಾಗಬೇಕು. ಸುತ್ತಲಿನ ದೇಶಗಳಲ್ಲಿ ದೇವರ ಪ್ರತಿಮೆ ಅನ್ನಿಸಿಕೊಳ್ಳುವ ಗೌರವ ಸಾಮಾನ್ಯವಾಗಿ ಅರಸನಿಗೆ ಮೀಸಲು.

ಬಾಬೆಲಿನವರ ಎನೂಮಾ ಎಲಿಶ್ ಎಂಬ ಸೃಷ್ಟಿಕಥೆಯಲ್ಲಿ ದೇವತೆಗಳ ದುಡಿಮೆ ಹೊರಲಿಕ್ಕೆ, ಅವರು ವಿಶ್ರಮಿಸಲಿಕ್ಕೆ ಮನುಷ್ಯನನ್ನು ಮಾಡುತ್ತಾರೆ. ಕೆಲಸದಾಳು, ಅಷ್ಟೇ. ಆದಿಕಾಂಡವೋ, ಅರಸನಿಗೆ ಮೀಸಲಾಗಿದ್ದ ಪದವನ್ನು ತಗೊಂಡು ಎಲ್ಲರ ಮೇಲೆ ಇಡುತ್ತದೆ. ಗಂಡಿನ ಮೇಲೆ, ಹೆಣ್ಣಿನ ಮೇಲೆ, ಸಮವಾಗಿ. ಹಲ್ಲೆಲೂಯಾ!

ಕ್ರಮ ಗಮನಿಸಿ. 27ರಲ್ಲಿ ಸ್ವರೂಪ. 28ರಲ್ಲಿ ಮೊದಲು ಆಶೀರ್ವಾದ, ಆಮೇಲೆ ಜವಾಬ್ದಾರಿ. ಆರನೇ ದಿನ ಮನುಷ್ಯ ಬಂದ. ಅವನು ಕಂಡ ಮೊದಲ ಪೂರ್ತಿ ದಿನ ದೇವರು ವಿಶ್ರಮಿಸಿದ ದಿನ. ಕೆಲಸ ಮಾಡಿ ನಾವು ದೇವರ ಸ್ವರೂಪ ಆಗಲಿಲ್ಲ, ಸ್ವರೂಪ ಆಗಿರುವುದರಿಂದ ಕೆಲಸ ಮಾಡುತ್ತೇವೆ.

"ಹಾಗಾದ್ರೆ ಬ್ರದರ್, ನಾವೆಲ್ಲ ಸುಮ್ಮನೆ ಕೂತಿರಬಹುದಾ?" ಇಲ್ಲ. ಆದಿಕಾಂಡ 2:15ರಲ್ಲಿ ದೇವರು ಆದಾಮನಿಗೆ ತೋಟ ಕೊಡುವಾಗ ಬರುವ ಎರಡು ಕ್ರಿಯಾಪದಗಳಿಗೆ ಸೇವೆ ಮಾಡು, ಕಾಪಾಡು ಅನ್ನುವ ಅರ್ಥವೂ ಇದೆ. ಅರಣ್ಯಕಾಂಡ 3:7-8ರಲ್ಲಿ ಲೇವಿಯರ ಗುಡಾರದ ಸೇವೆಗೆ ಬರುವುದೂ ಅವೇ ಪದಗಳು. ನಿಮ್ಮ ಕೋಡಿಂಗ್, ನರ್ಸಿಂಗ್, ಆಟೋ ಓಡಿಸುವುದು, ಎಲ್ಲ ದೇವರ ಮುಂದೆ ಮಾಡುವ ಸೇವೆ. ಕೈಲಾಗುವವರು ಮಾಡಲೇಬೇಕು. ಆದರೆ ಅದು ನಿಮ್ಮ ಬೆಲೆಗೆ ಬಿಲ್ ಅಲ್ಲ.

ಪಾಪ ಬಂದ ಮೇಲೆ? ನಾವು ಕೆಟ್ಟಿದ್ದೇವೆ, ಇದನ್ನು ಮೆತ್ತಗೆ ಮಾಡಿ ಹೇಳಲ್ಲ. ನನ್ನ ಆ ರಾತ್ರಿಯ ಪ್ರಾರ್ಥನೆಯೇ ಸಾಕ್ಷಿ. ಆದರೂ ಜಲಪ್ರಳಯದ ನಂತರ, ಆದಿಕಾಂಡ 9:6ರಲ್ಲಿ, ಮನುಷ್ಯನ ರಕ್ತ ಯಾಕೆ ಸುರಿಸಬಾರದು ಅನ್ನುವುದಕ್ಕೆ ದೇವರು ಕೊಡುವ ಕಾರಣ ಅದೇ ಸ್ವರೂಪ. ಯಾಕೋಬ 3:9 ಇನ್ನೂ ಹತ್ತಿರ ಬರುತ್ತದೆ. ದೇವರನ್ನು ಸ್ತುತಿಸುವ ಅದೇ ನಾಲಿಗೆಯಿಂದ ಆತನ ಹೋಲಿಕೆಗೆ ಸೃಷ್ಟಿಯಾದವರನ್ನು ಶಪಿಸುತ್ತೇವಲ್ಲ ಅಂತ ಕೇಳುತ್ತದೆ. ಭಾನುವಾರ ಇಲ್ಲಿ ಕೈ ಎತ್ತಿ ಆರಾಧಿಸಿ, ಸೋಮವಾರ ಹತ್ತು ನಿಮಿಷ ತಡವಾಗಿ ಬಂದ ಡೆಲಿವರಿ ಹುಡುಗನ ಮೇಲೆ ಕೂಗಾಡಿದರೆ, ನೀವು ಯಾರ ಪ್ರತಿಮೆಗೆ ಕಲ್ಲು ಹೊಡೆದಿರಿ?

ಕೊನೆಗೆ ಯೇಸು. ಕೊಲೊಸ್ಸೆ 1:15ರ ಪ್ರಕಾರ ಅದೃಶ್ಯನಾದ ದೇವರ ಪ್ರತಿರೂಪ ಆತನೇ. ಆತನನ್ನು ಶಿಲುಬೆ ಮೇಲೆ ನೋಡಿ. ರೋಗಿಗಳನ್ನು ಮುಟ್ಟಿದ ಕೈಗೆ ಮೊಳೆ. ಕಾಲು ಅಲ್ಲಾಡಿಸಲು ಆಗಲ್ಲ. ನೀರಡಿಕೆಯಾದರೆ ಬೇರೆಯವರು ಬಾಯಿಗೆ ಹಿಡಿಯಬೇಕು. ಆ ಗಳಿಗೆಯಲ್ಲಿ ಆತ ದೇವರ ಪ್ರತಿರೂಪ ಆಗುವುದನ್ನು ನಿಲ್ಲಿಸಿದನಾ? ದೇವರ ಪ್ರೀತಿ ಎಂಥದ್ದು ಅಂತ ಲೋಕ ಪೂರ್ತಿ ಕಂಡದ್ದೇ ಅಲ್ಲಿ!

ಕೆಲವರು ನನಗೆ ಸಮಾಧಾನ ಹೇಳಿದರು: "ನಿಮಗೆ ತಾಳ್ಮೆ ಕಲಿಸೋಕೆ ದೇವರು ತಂದೆಯವರನ್ನು ಹೀಗೆ ಇಟ್ಟಿದ್ದಾನೆ." ಪ್ರೀತಿಯಿಂದಲೇ ಹೇಳಿದರು, ಆದರೆ ನಾನು ಒಪ್ಪಲಾರೆ. ಅಪ್ಪ ನನ್ನ ಪಾಠಪುಸ್ತಕ ಅಲ್ಲ. ಅವರು ನನಗಾಗಿ ಇರುವುದಲ್ಲ, ದೇವರಿಗಾಗಿ ಇದ್ದಾರೆ. ಸ್ವಸ್ಥತೆಗಾಗಿ ಈಗಲೂ ಉಪವಾಸ ಮಾಡುತ್ತೇವೆ, ನಮ್ಮ ದೇವರು ಸ್ವಸ್ಥಪಡಿಸುವ ದೇವರು. ಆದರೆ ಎದ್ದು ನಡೆದ ಮೇಲೆ ಅಪ್ಪ ಪೂರ್ತಿ ಮನುಷ್ಯ ಆಗುತ್ತಾರೆ ಅಂತಲ್ಲ. ಈಗಲೇ ಪೂರ್ತಿ.

ತಂಗಿಯರೇ, ತಮ್ಮಂದಿರೇ, ಕೆಲಸ ಹೋಯಿತು ಅಂತ ಮನೆಯಲ್ಲಿ ಹೇಳದೆ ದಿನಾ ಲ್ಯಾಪ್‌ಟಾಪ್ ಬ್ಯಾಗ್ ಹಾಕಿಕೊಂಡು ಹೊರಡುವವರು ಈ ಊರಿನಲ್ಲಿದ್ದಾರೆ. ಅಪ್ರೈಸಲ್ ರೇಟಿಂಗ್ ನೋಡಿ ಊಟ ಬಿಟ್ಟವರಿದ್ದಾರೆ. ನಿಮ್ಮ ಕಂಪನಿ ನಿಮ್ಮ ಕೆಲಸ ಅಳೆಯಲಿ, ಅದು ಅವರ ಹಕ್ಕು. ನಿಮ್ಮನ್ನು ಅಳೆಯುವ ಅಧಿಕಾರ ಅವರಿಗಿಲ್ಲ.

ಮೊನ್ನೆ ಅಪ್ಪನ ಪಕ್ಕದಲ್ಲಿ ಕೂತು ಆ ಪ್ರಸಂಗಕ್ಕೆ ಕ್ಷಮೆ ಕೇಳಿದೆ. ಇವತ್ತು ನಿಮಗೆ ಹೇಳಿದ್ದನ್ನೆಲ್ಲ ಮೊದಲು ಅವರಿಗೆ ಹೇಳಿದೆ. ಅವರು ಸ್ಲೇಟ್ ಕೇಳಿದರು. ದೊಡ್ಡ ಮಾತು ಬರೆಯುತ್ತಾರೆ ಅಂದುಕೊಂಡೆ. "ಭಾನುವಾರ ಕರ್ಕೊಂಡು ಹೋಗು" ಅಂತ ಬರೆದರು. ಆ ಪ್ರಸಂಗ ಆದ ಮೇಲೆ ಅವರು ಸಭೆಗೆ ಬಂದಿರಲಿಲ್ಲ. ಇವತ್ತು ಬಂದಿದ್ದಾರೆ, ಅದೇ ಫ್ಯಾನ್ ಕೆಳಗೆ.

ಕಣ್ಣು ಮುಚ್ಚಿ ಪ್ರಾರ್ಥಿಸೋಣ. ಕರ್ತನೇ, ನಿನ್ನ ಸ್ವರೂಪವನ್ನು ನಾವು ಸಂಬಳದಿಂದ, ಶಕ್ತಿಯಿಂದ ಅಳೆದ ಪಾಪವನ್ನು ಕ್ಷಮಿಸು. ಕೈಲಾಗುವ ದಿನ ನಿನ್ನ ತೋಟ ಕಾಯುವ ಹಾಗೆ, ಕೈಲಾಗದ ದಿನ ನಿನ್ನವರಾಗಿ ಸುಮ್ಮನೆ ಇರುವ ಹಾಗೆ ಪವಿತ್ರಾತ್ಮನಿಂದ ನಮ್ಮನ್ನು ತುಂಬಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.