ನಾಲಿಗೆಗೆ ಜಾತಿ ಗೊತ್ತಿಲ್ಲ


*ಇಂದಿನ ಧಮ್ಮ ಚಿಂತನೆ*

ಧಮ್ಮ ಬಂಧುಗಳೇ,

ಭಾನುವಾರದ ವಂದನೆ, ಓದು ಮುಗಿದ ಮೇಲೆ ಚಹಾ ಕುಡಿದು ಏಳುವುದು ನಮ್ಮ ಬಳಗದ ರೂಢಿ. ಈಚೆಗೆ ಕೆಲವು ಮನೆಗಳಲ್ಲಿ ಹಾಲಿನ ಚಹಾ ಬಿಟ್ಟು ಗಿಡಮೂಲಿಕೆ ಚಹಾ ಕೊಡುತ್ತಿದ್ದಾರೆ. ತುಳಸಿ, ಶುಂಠಿ, ನಿಂಬೆಹುಲ್ಲು, ದಾಸವಾಳ, ಶಂಖಪುಷ್ಪ ಹೀಗೆ ಬಗೆಬಗೆಯದು. ಕಳೆದ ವಾರ ಒಬ್ಬ ತಾಯಿ ಕಪ್ಪನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದರು: "ಮೇಷ್ಟ್ರೇ, ತುಳಸಿ ಚಹಾ ನಾವು ಕುಡಿಯಬಹುದಾ? 22 ಪ್ರತಿಜ್ಞೆ ತಗೊಂಡವರು ನಾವು. ಮನೆ ಮುಂದಿದ್ದ ತುಳಸಿಕಟ್ಟೆ ತೆಗೆಸಿದ್ದೀವಿ. ಈಗ ಅದೇ ಎಲೆ ಅಡುಗೆಮನೆಗೆ ಬಂದರೆ ಹೇಗೆ?"

ಇಬ್ಬರು ಮೂವರು ನಕ್ಕರು. ಆದರೆ ಇದು ನಗುವ ಪ್ರಶ್ನೆ ಅಲ್ಲ. ಹಳೆಯದನ್ನು ಬಿಟ್ಟು ಬಂದವರಿಗೆ ಯಾವುದನ್ನು ಬಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆ ದಿನವೂ ಎದುರಾಗುತ್ತದೆ. ಹಾಗಾಗಿ ಇವತ್ತಿನ ಚಿಂತನೆಗೆ ಅದನ್ನೇ ತೆಗೆದುಕೊಳ್ಳುತ್ತೇನೆ.

ವಿನಯ ಪಿಟಕದ ಮಹಾವಗ್ಗದಲ್ಲಿ ಔಷಧಗಳ ಬಗ್ಗೆಯೇ ಒಂದು ಅಧ್ಯಾಯವಿದೆ. ಕಾಯಿಲೆ ಬಿದ್ದ ಭಿಕ್ಷುಗಳಿಗೆ ಏನೇನು ಕೊಡಬಹುದು ಎಂದು ಭಗವಾನ್ ಬುದ್ಧರು ಅಲ್ಲಿ ಹೇಳುತ್ತಾರೆ. ಬೇರುಗಳ ಪಟ್ಟಿಯಲ್ಲಿ ಅರಿಶಿನ, ಶುಂಠಿ, ಬಜೆ, ಲಾವಂಚ ಇವೆ. ಎಲೆಗಳ ಪಟ್ಟಿಯಲ್ಲಿ ಬೇವು ಇದೆ, ಹತ್ತಿಯ ಎಲೆ ಇದೆ, ‘ಸುಲಸಿ’ ಇದೆ. ಸುಲಸಿ ಎಂದರೆ ತುಳಸಿ ಎಂದೇ ಅರ್ಥ ಹೇಳುತ್ತಾರೆ. ಹತ್ತಿಯ ಎಲೆಯ ಪಕ್ಕದಲ್ಲಿ, ಅದಕ್ಕಿಂತ ಹೆಚ್ಚೂ ಅಲ್ಲದೆ ಕಡಿಮೆಯೂ ಅಲ್ಲದೆ, ಅದು ಒಂದು ಎಲೆ. ರೋಗಿಗೆ ಉಪಯೋಗವಾದರೆ ಬಳಸು, ಅಷ್ಟೇ.

ಕಟ್ಟೆ ಕಟ್ಟಿ ಸುತ್ತು ಹಾಕುವುದು ಪೂಜೆ. ನೀರಿಗೆ ಹಾಕಿ ಕುದಿಸುವುದು ಕಷಾಯ. ಎರಡೂ ಬೇರೆ ಬೇರೆ ಕೆಲಸ. ಗಿಡಕ್ಕೆ ಧರ್ಮವಿಲ್ಲ, ಅದಕ್ಕೆ ಧರ್ಮ ಹಚ್ಚಿದವರು ಮನುಷ್ಯರು. ಎಲೆಗೆ ಕೈ ಮುಗಿಯುವುದೂ ಬೇಡ, ಎಲೆಯನ್ನು ಕಂಡು ಹೆದರುವುದೂ ಬೇಡ. ಹೆದರಿಕೊಂಡು ದೂರ ಇಟ್ಟರೆ ಅದಕ್ಕೆ ಇಲ್ಲದ ಶಕ್ತಿಯನ್ನು ನಾವೇ ಕೊಟ್ಟಂತೆ. ಆದ್ದರಿಂದ ಆ ತಾಯಿಗೆ ಉತ್ತರ: ಕುಡಿಯಿರಿ ಅಮ್ಮ, ರುಚಿ ನೋಡಿ ಹೇಳಿ.

‘ರುಚಿ ನೋಡಿ ಹೇಳಿ’ ಎಂಬ ಮಾತಿನಲ್ಲಿ ಧಮ್ಮದ ಅಭ್ಯಾಸವೇ ಅಡಗಿದೆ. ಮನೆಯಲ್ಲಿ ನೀವೂ ಮಾಡಿ ನೋಡಬಹುದು.

*ಮಾಡುವ ಕ್ರಮ:* ಒಂದು ಕಪ್ ನೀರು ಕುದಿಸಿ ಇಳಿಸಿ. ಎಂಟು ಹತ್ತು ತುಳಸಿ ಎಲೆಯೋ, ಒಂದು ಚೂರು ಜಜ್ಜಿದ ಶುಂಠಿಯೋ, ಕತ್ತರಿಸಿದ ನಿಂಬೆಹುಲ್ಲೋ ಹಾಕಿ ಐದು ನಿಮಿಷ ತಟ್ಟೆ ಮುಚ್ಚಿ. ಮುಚ್ಚದಿದ್ದರೆ ಘಮ ಹಬೆಯ ಜೊತೆ ಹೋಗಿಬಿಡುತ್ತದೆ. ಸಕ್ಕರೆ, ಬೆಲ್ಲ, ಜೇನುತುಪ್ಪ ಏನೂ ಮೊದಲ ಗುಟುಕಿಗೆ ಬೇಡ. ಮೂಗಿನ ಹತ್ತಿರ ಹಿಡಿಯಿರಿ. ಗುಟುಕು ತೆಗೆದುಕೊಂಡು ಬಾಯಲ್ಲಿ ಒಂದು ಕ್ಷಣ ನಿಲ್ಲಿಸಿ. ನುಂಗಿದ ಮೇಲೆ ಏನು ಉಳಿಯಿತು ಎಂದು ಗಮನಿಸಿ. ಆಮೇಲೆ ಮಾತಾಡುವ ಮೊದಲು ಎಲ್ಲರೂ ಒಂದು ಚೀಟಿಯಲ್ಲಿ ಬರೆಯಿರಿ.

ಚೀಟಿ ಏಕೆಂದರೆ, ಮನೆಯ ಹಿರಿಯರು "ಚೆನ್ನಾಗಿದೆ" ಎಂದರೆ ಸಾಕು, ಎಲ್ಲರಿಗೂ ಚೆನ್ನಾಗಿಯೇ ಇರುತ್ತದೆ! ಕೇಸಪುತ್ತದ ಕಾಲಾಮರಿಗೆ ಬುದ್ಧರು ಹೇಳಿದ್ದು ಇದನ್ನೇ. ಕೇಳಿಬಂದಿದೆ ಎಂದೋ, ಪರಂಪರೆ ಎಂದೋ, ಗುರು ಹೇಳಿದರೆಂದೋ ಒಪ್ಪಬೇಡಿ. ಅದು ಹಿತವೋ ಅಹಿತವೋ ಎಂದು ನೀವೇ ಅರಿತು, ಆಮೇಲೆ ಹಿಡಿಯಿರಿ ಅಥವಾ ಬಿಡಿ. ದೊಡ್ಡ ವಿಷಯಗಳಲ್ಲಿ ಈ ಧೈರ್ಯ ಬರಬೇಕಾದರೆ ಸಣ್ಣ ವಿಷಯದಲ್ಲಿ ರೂಢಿಯಾಗಬೇಕು. ಒಂದು ಕಪ್ ಕಷಾಯದ ಬಗ್ಗೆ ಅಪ್ಪನ ಎದುರು "ನನಗೆ ಹಾಗನಿಸಲಿಲ್ಲ" ಎನ್ನಲಾಗದ ಮಗು ನಾಳೆ ಅನ್ಯಾಯದ ಎದುರು ಹೇಗೆ ಮಾತಾಡೀತು?

ಈಗ ಮೂಗು ಬಿಗಿಯಾಗಿ ಹಿಡಿದುಕೊಂಡು ನಿಂಬೆಹುಲ್ಲಿನ ಚಹಾ ಕುಡಿಯಿರಿ. ಬರೀ ಬಿಸಿನೀರು ಕುಡಿದಂತಿರುತ್ತದೆ. ಮೂಗು ಬಿಡಿ, ತಟ್ಟನೆ ನಿಂಬೆಯ ಘಮ ತುಂಬಿಕೊಳ್ಳುತ್ತದೆ. ಆದರೆ ಹುಳಿ ಇಲ್ಲ. ನಿಂಬೆ ಎಂದು ನಮಗೆ ಅನಿಸಿದ್ದು ನಾಲಿಗೆಯಿಂದಲ್ಲ, ಮೂಗಿನಿಂದ. ಶುಂಠಿಯ ಖಾರವೂ ನಾಲಿಗೆಯ ರುಚಿ ಅಲ್ಲ, ಅದು ಉರಿ, ಅಂದರೆ ದೇಹದ ಸ್ಪರ್ಶ. ತುಳಸಿಯ ಘಾಟಿನ ಹಿಂದೆ ಲವಂಗದ ನೆನಪು ಬರುತ್ತದೆ, ಅದೂ ವಾಸನೆಯೇ.

ಶಂಖಪುಷ್ಪದ್ದು ಇನ್ನೂ ತಮಾಷೆ. ನೀಲಿ ಬಣ್ಣ ನೋಡಿದರೆ ಏನೋ ದೊಡ್ಡ ರುಚಿ ಇರಬೇಕು ಅನಿಸುತ್ತದೆ. ಕುಡಿದರೆ ಹೆಚ್ಚುಕಡಿಮೆ ಸಪ್ಪೆ. ನಾಲ್ಕು ಹನಿ ನಿಂಬೆರಸ ಹಿಂಡಿದರೆ ನೀಲಿ ಹೋಗಿ ನೇರಳೆ ಆಗುತ್ತದೆ, ವಿಜ್ಞಾನ ಮೇಷ್ಟ್ರ ಲಿಟ್ಮಸ್ ಕಾಗದದ ಹಾಗೆ. ನೇರಳೆ ಬಣ್ಣ ನೋಡಿದ ನಮ್ಮ ಬಳಗದ ಒಬ್ಬ ಹುಡುಗಿ ಚೀಟಿಯಲ್ಲಿ ‘ದ್ರಾಕ್ಷಿ ರುಚಿ’ ಎಂದು ಬರೆದಳು. ಕಣ್ಣು ಹೇಳಿದ್ದನ್ನು ನಾಲಿಗೆ ನಂಬಿತು.

ಬುದ್ಧರು ಸಳಾಯತನ ಎಂದಿದ್ದು ಇದನ್ನೇ. ಕಣ್ಣು, ಕಿವಿ, ಮೂಗು, ನಾಲಿಗೆ, ಕಾಯ, ಮನಸ್ಸು ಎಂಬ ಆರು ಬಾಗಿಲು. ಬಾಗಿಲಿಗೆ ವಿಷಯ ತಾಗಿದಾಗ ಫಸ್ಸ, ಅಂದರೆ ಸ್ಪರ್ಶ. ಸ್ಪರ್ಶದಿಂದ ವೇದನಾ. ಕನ್ನಡದಲ್ಲಿ ವೇದನೆ ಅಂದರೆ ನೋವು ಎಂದೇ ರೂಢಿ, ಆದರೆ ಪಾಳಿಯಲ್ಲಿ ಹಿತ, ಅಹಿತ, ಎರಡೂ ಅಲ್ಲದ್ದು ಎಂಬ ಮೂರು ಬಗೆಯ ಅನುಭವಕ್ಕೂ ಅದೇ ಪದ. ವೇದನೆಯಿಂದ ತಣ್ಹಾ: ಇನ್ನೂ ಬೇಕು, ಅಥವಾ ಇದು ಬೇಡವೇ ಬೇಡ. ವೇದನೆಗೂ ತಣ್ಹೆಗೂ ನಡುವೆ ಒಂದು ಸಣ್ಣ ಸಂದು ಇದೆ. ಎಚ್ಚರ ನಿಲ್ಲಬೇಕಾದ್ದು ಅಲ್ಲಿ.

ದಾಸವಾಳದ ಚಹಾ ಕುಡಿದಾಗ ಒಬ್ಬರು ಮುಖ ಹುಳ್ಳಗೆ ಮಾಡಿ "ಥೂ, ಕೆಟ್ಟದಾಗಿದೆ" ಎಂದರು. "ಏನಿದೆ ಅದರಲ್ಲಿ?" ಎಂದು ಕೇಳಿದೆ. "ಹುಳಿ, ಸ್ವಲ್ಪ ಒಗರು." ಹುಳಿ ಮತ್ತು ಒಗರು ಎನ್ನುವುದು ಕಂಡದ್ದು. ಕೆಟ್ಟದ್ದು ಎನ್ನುವುದು ನಾವು ಸೇರಿಸಿದ್ದು. ಮೊದಲು ಕಂಡದ್ದನ್ನು ಹೇಳಿ, ಆಮೇಲೆ ಇಷ್ಟ ಕಷ್ಟ ಹೇಳಿ. ಒಗರು, ಘಾಟು, ಘಮ, ಕಮಟು, ಸಪ್ಪೆ ಎಂದು ಕಂಡದ್ದನ್ನು ಹೇಳಲು ಕನ್ನಡದಲ್ಲಿ ಎಷ್ಟು ಒಳ್ಳೆಯ ಪದಗಳಿವೆ! ‘ಸೂಪರ್’, ‘ವೇಸ್ಟ್’ ಎಂಬ ಎರಡೇ ಮಾತಿಗೆ ಮಕ್ಕಳನ್ನು ಬಿಟ್ಟುಬಿಡಬೇಡಿ.

ಅಂಗಡಿಯ ಪ್ಯಾಕೆಟ್ ತಂದರೆ ಅದನ್ನೂ ಹೀಗೇ ಪರೀಕ್ಷಿಸಿ. ಮುಂಭಾಗದಲ್ಲಿ ‘ಇಮ್ಯುನಿಟಿ’, ‘ಡಿಟಾಕ್ಸ್’ ಎಂದಿರುತ್ತದೆ. ತಿರುಗಿಸಿ ಹಿಂಭಾಗದ ಸಾಮಗ್ರಿಗಳ ಪಟ್ಟಿ ಓದಿ. ತೂಕದಲ್ಲಿ ಹೆಚ್ಚಿರುವುದು ಅಲ್ಲಿ ಮೊದಲು ಬರುತ್ತದೆ. ಚಿತ್ರದಲ್ಲಿ ದೊಡ್ಡದಾಗಿ ಕಾಣುವ ಹಣ್ಣು ಪಟ್ಟಿಯ ಕೊನೆಯಲ್ಲಿ ಬರೀ ‘ಫ್ಲೇವರ್’ ಆಗಿ ಕೂತಿರಬಹುದು. ‘ಹೈಬಿಸ್ಕಸ್ ಟೀ’ ಎಂದು ಮಾರುವುದು ಸಾಮಾನ್ಯವಾಗಿ ನಮ್ಮ ಅಂಗಳದ ದಾಸವಾಳವಲ್ಲ. ಪುಂಡಿಯ ಬಳಗದ ಗಿಡದಲ್ಲಿ ಹೂವಿನ ಬುಡಕ್ಕೆ ಸುತ್ತಿಕೊಂಡಿರುವ ಕೆಂಪು ಭಾಗ ಅದು, ಅದಕ್ಕೇ ಅಷ್ಟು ಹುಳಿ. ಇನ್ನೊಂದು ಮುಖ್ಯ ಮಾತು: ಬಿಪಿ, ಶುಗರ್ ಮಾತ್ರೆ ತೆಗೆದುಕೊಳ್ಳುವವರು, ಬಸುರಿಯರು ಡಾಕ್ಟರನ್ನು ಕೇಳದೆ ದಿನವೂ ಕುಡಿಯಬೇಡಿ. ಕಷಾಯ ನಂಬಿ ಮಾತ್ರೆ ಬಿಡುವುದಂತೂ ಬೇಡವೇ ಬೇಡ. ಒಂದು ಮೂಢನಂಬಿಕೆ ಬಿಟ್ಟು ಇನ್ನೊಂದಕ್ಕೆ ಹೋಗಲು ನಾವು ಧಮ್ಮಕ್ಕೆ ಬಂದವರಲ್ಲ.

ಬಂಧುಗಳೇ, ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ.

ಸುತ್ತನಿಪಾತದಲ್ಲಿ ವಾಸೆಟ್ಠ ಸುತ್ತ ಇದೆ. ವಾಸೆಟ್ಠ, ಭಾರದ್ವಾಜ ಎಂಬ ಇಬ್ಬರು ತರುಣರು ವಾದಕ್ಕೆ ಬೀಳುತ್ತಾರೆ. ಬ್ರಾಹ್ಮಣನಾಗುವುದು ಹುಟ್ಟಿನಿಂದಲೋ, ನಡತೆಯಿಂದಲೋ? ಬುದ್ಧರು ಗಿಡಗಳಿಂದಲೇ ಉತ್ತರ ಶುರುಮಾಡುತ್ತಾರೆ. ಹುಲ್ಲಿನಲ್ಲಿ, ಮರದಲ್ಲಿ, ಹುಳದಲ್ಲಿ, ಹಕ್ಕಿಯಲ್ಲಿ ಹುಟ್ಟಿನಿಂದ ಬಂದ ಗುರುತುಗಳಿವೆ, ಅವುಗಳ ಜಾತಿ ಬೇರೆ ಬೇರೆ. ಮನುಷ್ಯರಲ್ಲಿ ಅಂಥ ಗುರುತಿಲ್ಲ. ಮನುಷ್ಯರ ನಡುವಿನ ಭೇದ ಬರೀ ಹೆಸರಿನದು ಎನ್ನುತ್ತಾರೆ.

ಈ ಸುತ್ತವನ್ನು ನಿಮ್ಮ ಅಡುಗೆಮನೆಯಲ್ಲಿಯೇ ಪರೀಕ್ಷೆ ಮಾಡಬಹುದು. ಐದು ಬಗೆಯ ಚಹಾ ಮಾಡಿ, ಕಣ್ಣಿಗೆ ಬಟ್ಟೆ ಕಟ್ಟಿ ಕೊಡಿ. ಇದು ತುಳಸಿ, ಇದು ಶುಂಠಿ, ಇದು ನಿಂಬೆಹುಲ್ಲು ಎಂದು ಯಾರಾದರೂ ಹೇಳಬಲ್ಲರು. ಈಗ ತುಳಸಿ ಚಹಾವನ್ನೇ ಐದು ಜಾತಿಯ ಐವರ ಕೈಯಲ್ಲಿ ಮಾಡಿಸಿ ಕೊಡಿ. ಯಾವ ಕಪ್ಪು ಯಾರ ಕೈಯದು ಎಂದು ಜಗತ್ತಿನ ಯಾವ ನಾಲಿಗೆಯೂ ಹೇಳಲಾರದು. ಕೈರುಚಿ ಅಂತ ಒಂದಿದೆಯಲ್ಲ ಎನ್ನಬಹುದು. ಇದೆ. ಅದು ಅಳತೆಯಿಂದ, ಹದದಿಂದ, ಗಮನದಿಂದ ಬರುವುದು, ಕಲಿತರೆ ಯಾರಿಗೂ ಬರುತ್ತದೆ. ಅದು ಕಮ್ಮದ ಫಲ, ಹುಟ್ಟಿನದಲ್ಲ.

ಹಾಗಾದರೆ ಮನೆಗೆ ಬಂದವರು "ಈಗಷ್ಟೇ ಕುಡಿದು ಬಂದೆ" ಎಂದು ಕಪ್ ಮುಟ್ಟದೆ ಏಳುತ್ತಾರಲ್ಲ, ಅವರಿಗೆ ಸಿಕ್ಕ ರುಚಿ ಯಾವುದು? ಒಂದು ಸಲವಾದರೆ ಮಾತು ನಿಜವೇ ಇರಬಹುದು. ಹತ್ತು ವರ್ಷ ಪ್ರತಿ ಸಲವೂ ಈಗಷ್ಟೇ ಕುಡಿದು ಬಂದವರನ್ನು ನಾವೆಲ್ಲ ನೋಡಿದ್ದೇವೆ. ಅವರ ನಾಲಿಗೆಗೆ ಏನೂ ತಾಗಿಲ್ಲ, ಮೂಗಿಗೆ ಶುಂಠಿಯ ಘಮ ಬಿಟ್ಟರೆ ಬೇರೇನೂ ಬಂದಿಲ್ಲ. ಐದು ಬಾಗಿಲಲ್ಲೂ ಅಸಹ್ಯ ಇಲ್ಲ. ಅದು ಇರುವುದು ಆರನೆಯ ಬಾಗಿಲಲ್ಲಿ, ಮನಸ್ಸಿನಲ್ಲಿ. ಚಿಕ್ಕಂದಿನಲ್ಲಿ ಯಾರೋ ತುಂಬಿದ ಕಥೆ ಅದು. ಜಾತಿ ಎಂಬುದು ಇಟ್ಟಿಗೆ ಗೋಡೆಯಲ್ಲ, ಮನಸ್ಸಿನ ಒಂದು ಸ್ಥಿತಿ ಎಂದು ಬಾಬಾಸಾಹೇಬರು 1936ರ ‘ಜಾತಿ ವಿನಾಶ’ದಲ್ಲಿ ಬರೆದದ್ದು ಇದೇ ಅರ್ಥದಲ್ಲಿ.

ಮನಸ್ಸಿನದು ಎಂದ ಮಾತ್ರಕ್ಕೆ ಅದರ ಪೆಟ್ಟು ಸಣ್ಣದಲ್ಲ. ಶಾಲೆಯಲ್ಲಿ ಬಾಲಕ ಭೀಮರಾವ್ ನಲ್ಲಿ ಮುಟ್ಟುವಂತಿರಲಿಲ್ಲ. ಜವಾನ ಬಂದು ನಲ್ಲಿ ತಿರುಗಿಸಿದರೆ ನೀರು, ಜವಾನ ಇಲ್ಲದ ದಿನ ಬಾಯಾರಿಕೆ. 1927ರ ಮಾರ್ಚ್ 20ರಂದು ಮಹಾಡ್‌ನ ಚವದಾರ್ ಕೆರೆಯಲ್ಲಿ ಅವರು ಬೊಗಸೆ ನೀರು ಕುಡಿದದ್ದು ನೀರಡಿಕೆಗಾಗಿ ಅಲ್ಲ, ನಾವೂ ಮನುಷ್ಯರು ಎಂದು ಸ್ಥಾಪಿಸುವುದಕ್ಕಾಗಿ. ಹೋಟೆಲಿನ ಲೋಟದ ವಿಷಯ ಕಾನೂನಿನಲ್ಲೇ ಬರೆಯಬೇಕಾಯಿತು. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಕಲಂ ಪ್ರಕಾರ ಅಸ್ಪೃಶ್ಯತೆಯ ಕಾರಣಕ್ಕೆ ಹೋಟೆಲಿನ ಪಾತ್ರೆ ಬಳಸದಂತೆ ತಡೆಯುವುದು ಶಿಕ್ಷಾರ್ಹ ಅಪರಾಧ.

ನಮ್ಮ ಅಜ್ಜಂದಿರು ಚಹಾದಂಗಡಿಯ ಹೊರಗೆ ಕೂತು, ಬೇರೆ ಇಟ್ಟ ಲೋಟದಲ್ಲೋ ತೆಂಗಿನ ಚಿಪ್ಪಿನಲ್ಲೋ ಮೇಲಿಂದ ಹೊಯ್ದದ್ದನ್ನು ಕುಡಿದವರು. ದುಡ್ಡು ಕೊಟ್ಟೇ ಕುಡಿದರು. ಆದರೆ "ಸಕ್ಕರೆ ಕಡಿಮೆ ಆಯ್ತು", "ಆರಿ ಹೋಗಿದೆ, ಬಿಸಿ ಮಾಡಿಕೊಡಿ" ಎನ್ನುವ ಹಕ್ಕು ಅವರಿಗಿರಲಿಲ್ಲ. ಕೊಟ್ಟದ್ದನ್ನು ಕುಡಿಯಬೇಕು, ಲೋಟ ತೊಳೆದಿಡಬೇಕು. ರುಚಿಯ ಬಗ್ಗೆ ಅಭಿಪ್ರಾಯ ಕೇಳುವುದು ಎದುರಿಗಿರುವವರನ್ನು ಮನುಷ್ಯರೆಂದು ಒಪ್ಪಿದಾಗ ಮಾತ್ರ. ಆದ್ದರಿಂದ ನಮ್ಮ ಮನೆಯಲ್ಲಿ ಮಗುವಿನ ಮುಂದೆ ಮೂರು ಕಪ್ ಇಟ್ಟು "ಯಾವುದು ಹಿಡಿಸಿತು, ಯಾಕೆ?" ಎಂದು ಕೇಳುವುದನ್ನು ಶೋಕಿ ಎಂದುಕೊಳ್ಳಬೇಡಿ. ಎರಡು ತಲೆಮಾರಿನ ಹಿಂದೆ ಯಾರೂ ಕೇಳದಿದ್ದ ಪ್ರಶ್ನೆ ಅದು.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಬಗೆಬಗೆಯ ಚಹಾ ಕಲಿತ ಮೇಲೆ, ಬೀದಿಯ ಗೂಡಂಗಡಿಯಲ್ಲಿ ಮೂರು ಚಮಚ ಸಕ್ಕರೆ ಹಾಕಿಸಿಕೊಂಡು ಕುಡಿಯುವ ಪೌರಕಾರ್ಮಿಕರನ್ನೋ, ಊರಲ್ಲಿರುವ ನಮ್ಮ ಅಣ್ಣತಮ್ಮಂದಿರನ್ನೋ ನೋಡಿ "ಇವರಿಗೇನು ಗೊತ್ತು ರುಚಿ" ಎಂದು ಮನಸ್ಸು ಹೇಳಿದರೆ, ನಾವೂ ಒಂದು ಹೊಸ ಮೆಟ್ಟಿಲು ಕಟ್ಟಿದಂತೆ. ಬೆಳಗಿನ ಜಾವದಿಂದ ಕಸ ಎತ್ತಿದ ಮೈಗೆ ಆ ಸಕ್ಕರೆ ಬೇಕು. ನಾಲಿಗೆ ಚುರುಕಾಗಲಿ, ಮೂಗು ಮೇಲೇರುವುದು ಬೇಡ.

ಇನ್ನು ಕಪ್ ಮುಟ್ಟದೆ ಹೋಗುವ ನೆರೆಯವರ ಮುಂದೆ ಏನು ಮಾಡುವುದು? ಮುಂದಿನ ಸಲವೂ ಕಪ್ ಮುಂದಿಡೋಣ. ಅದು ಮೈತ್ರಿ. ಒತ್ತಾಯ ಮಾಡುವುದು, ಬೇಡಿಕೊಳ್ಳುವುದು ಬೇಡ, ಅದು ಸ್ವಾಭಿಮಾನ. ಅವರು ಕುಡಿಯದಿದ್ದರೆ ಆರುವ ಮೊದಲು ಆ ಕಪ್ಪನ್ನು ನಾವೇ ಕುಡಿಯೋಣ. ಅವರು ಬಿಟ್ಟುಹೋದ ಮಾತ್ರಕ್ಕೆ ಅದರ ಘಮ ಒಂದಿಷ್ಟೂ ಕಡಿಮೆಯಾಗಿರುವುದಿಲ್ಲ.

*ಇಂದಿನ ಅಭ್ಯಾಸ:* ಸಂಜೆ ಮನೆಯಲ್ಲಿ ಎರಡು ಬಗೆಯ ಕಷಾಯ ಮಾಡಿ. ಟಿವಿ, ಮೊಬೈಲ್ ಆರಿಸಿ. ಮೊದಲ ಮೂರು ಗುಟುಕು ಮೌನವಾಗಿ ಕುಡಿಯಿರಿ. ‘ಬೇಕು’, ‘ಬೇಡ’ ಏಳುವ ಕ್ಷಣವನ್ನು ಹಿಡಿಯಲು ಪ್ರಯತ್ನಿಸಿ. ಆಮೇಲೆ ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರು ಮೊದಲು ಮಾತಾಡಲಿ, ಹಿರಿಯರು ಕೊನೆಗೆ. ನಿಮ್ಮ ಮನೆಯ ಚೀಟಿಗಳನ್ನು ಭಾನುವಾರ ತನ್ನಿ, ಒಟ್ಟಿಗೆ ಓದೋಣ.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು.

*ಜೈ ಭೀಮ್. ನಮೋ ಬುದ್ಧಾಯ.*