ಕೊನೆಯ ಚರಣ

ಕೊನೆಯ ಚರಣವೊಂದನ್ನು ಬಿಟ್ಟು ಹಾಡಿದರೆ ಕೋಟ್ಯಂತರ ಜನರಿಗೆ ನಿನ್ನ ಹಾಡು ತಲುಪುತ್ತದೆ, ಬಿಡದಿದ್ದರೆ ಯಾರಿಗೂ ತಲುಪುವುದಿಲ್ಲ ಎಂದು ಗಾಯಕನೊಬ್ಬನಿಗೆ ಷರತ್ತು ಹಾಕಿದರೆ ಅವನೇನು ಮಾಡಬೇಕು? ಇದು ಬರೀ ಕಲ್ಪನೆಯ ಪ್ರಶ್ನೆಯಲ್ಲ. 1967ರಲ್ಲಿ ಅಮೇರಿಕದ ಜಾನಪದ ಗಾಯಕ ಪೀಟ್ ಸೀಗರ್ ಅವರ ಮುಂದೆ ಸಿಬಿಎಸ್ ಟಿವಿ ಸಂಸ್ಥೆ ಇಟ್ಟ ಷರತ್ತು ಇದೇ ಆಗಿತ್ತು. ಹಾಡಬೇಕಾಗಿದ್ದ ವೇದಿಕೆಯಾದರೋ ಜನರು ನಗುವುದಕ್ಕೆಂದೇ ಕೂತು ನೋಡುತ್ತಿದ್ದ ರಾಜಕೀಯ ವಿಡಂಬನೆಯ ಕಾರ್ಯಕ್ರಮ.

ಸೀಗರ್ ಹೊಸಬರೇನೂ ಆಗಿರಲಿಲ್ಲ. ಅವರಿದ್ದ 'ದಿ ವೀವರ್ಸ್' ಎಂಬ ನಾಲ್ವರ ಜಾನಪದ ತಂಡದ 'ಗುಡ್‌ನೈಟ್ ಐರೀನ್' ಹಾಡು 1950ರಲ್ಲಿ 13 ವಾರಗಳ ಕಾಲ ಮಾರಾಟದಲ್ಲಿ ಮೊದಲ ಸ್ಥಾನದಲ್ಲಿತ್ತು. ಅಷ್ಟರಲ್ಲೇ ಕಮ್ಯುನಿಸ್ಟರ ಬೇಟೆ ಜೋರಾಯಿತು. ಸೀಗರ್ ಹಿಂದೊಮ್ಮೆ ಕಮ್ಯುನಿಸ್ಟ್ ಪಕ್ಷದಲ್ಲಿದ್ದುದು ನಿಜ. ತಂಡದ ಹೆಸರು ಕಪ್ಪು ಪಟ್ಟಿಗೆ ಸೇರಿತು, ರೇಡಿಯೋ, ಟಿವಿ, ಸಭಾಂಗಣಗಳ ಬಾಗಿಲು ಮುಚ್ಚಿತು. 1955ರಲ್ಲಿ ಸಂಸತ್ತಿನ ಸಮಿತಿಯ ಮುಂದೆ ತನ್ನ ನಂಬಿಕೆ ಮತ್ತು ಒಡನಾಟಗಳ ಕುರಿತು ಉತ್ತರಿಸಲು ಸೀಗರ್ ನಿರಾಕರಿಸಿದರು. 1961ರಲ್ಲಿ ಅದಕ್ಕಾಗಿ ಒಂದು ವರ್ಷದ ಜೈಲು ಶಿಕ್ಷೆಯಾಯಿತು, ಮರುವರ್ಷ ಮೇಲ್ಮನವಿಯಲ್ಲಿ ಅದು ರದ್ದಾಯಿತು. ಹೀಗೆ 1967ರ ವೇಳೆಗೆ ದೊಡ್ಡ ಟಿವಿ ಜಾಲಗಳು ಅವರನ್ನು ದೂರವಿಟ್ಟು 17 ವರ್ಷಗಳಾಗಿದ್ದವು.

ಅವರನ್ನು ಕರೆದವರು ಟಾಮ್ ಮತ್ತು ಡಿಕ್ ಸ್ಮದರ್ಸ್ ಎಂಬ ಸಹೋದರರು. ಗಿಟಾರ್ ಹಿಡಿದ ಅಣ್ಣ, ದೊಡ್ಡ ತಂತಿವಾದ್ಯ ಹಿಡಿದ ತಮ್ಮ. ಜಾನಪದ ಹಾಡೊಂದನ್ನು ಆರಂಭಿಸಿ, ಅರ್ಧದಲ್ಲೇ ಜಗಳಕ್ಕಿಳಿಯುವುದು ಇವರ ಹಾಸ್ಯದ ರೀತಿ. 1967ರ ಫೆಬ್ರವರಿಯಲ್ಲಿ ಭಾನುವಾರ ರಾತ್ರಿಯ ಅವರ ಕಾರ್ಯಕ್ರಮ ಆರಂಭವಾದಾಗ ಇವರು ನಿರುಪದ್ರವಿ ಹುಡುಗರೆಂದೇ ಎಲ್ಲರೂ ಭಾವಿಸಿದ್ದರು.

ಸೀಗರ್ ಹಾಡಬೇಕೆಂದಿದ್ದುದು 'ವೇಸ್ಟ್ ಡೀಪ್ ಇನ್ ದಿ ಬಿಗ್ ಮಡ್ಡಿ'. ಅದು ಕಥನ ಗೀತೆ. 1942ರಲ್ಲಿ ಲೂಸಿಯಾನದಲ್ಲಿ ತರಬೇತಿಯಲ್ಲಿರುವ ಸೈನಿಕರ ತುಕಡಿಗೆ ನದಿ ದಾಟುವಂತೆ ಕ್ಯಾಪ್ಟನ್ ಆಜ್ಞಾಪಿಸುತ್ತಾನೆ. ನೀರು ಏರುತ್ತಾ ಹೋಗುತ್ತದೆ. ಸಾರ್ಜೆಂಟ್ ಎಚ್ಚರಿಸಿದರೂ ಕ್ಯಾಪ್ಟನ್ ಕೇಳುವುದಿಲ್ಲ. ಕೊನೆಗೆ ಅವನೇ ಮುಳುಗುತ್ತಾನೆ, ಉಳಿದವರು ಹಿಂದಿರುಗುತ್ತಾರೆ. ಕೊನೆಯ ಚರಣದಲ್ಲಿ ಮಾತ್ರ ಹಾಡು 1942ನ್ನು ಬಿಟ್ಟು ವರ್ತಮಾನಕ್ಕೆ ಬರುತ್ತದೆ. ಹಾಡಿನಲ್ಲೆಲ್ಲೂ ವಿಯೆಟ್ನಾಮಿನ ಹೆಸರಿಲ್ಲ, ಅಧ್ಯಕ್ಷ ಜಾನ್ಸನ್‌ರ ಹೆಸರೂ ಇಲ್ಲ. ಆದರೆ ಆ ವರ್ಷದ ಕೊನೆಗೆ ವಿಯೆಟ್ನಾಮಿನಲ್ಲಿ ಸುಮಾರು 4 ಲಕ್ಷ 85 ಸಾವಿರ ಅಮೇರಿಕನ್ ಸೈನಿಕರಿದ್ದರು. ಹೆಸರು ಹೇಳಬೇಕಾದ ಅಗತ್ಯವೇ ಇರಲಿಲ್ಲ.

ಆ ಚರಣವೊಂದನ್ನು ಕೈಬಿಡಿ ಎಂದರು. ಸೀಗರ್ ಒಪ್ಪಲಿಲ್ಲ. ಸೆಪ್ಟೆಂಬರ್ 10ರ ಪ್ರಸಾರದಲ್ಲಿ ಅವರ ಬೇರೆ ಹಾಡುಗಳು ಬಂದವು, ಈ ಹಾಡು ಪೂರ್ತಿಯಾಗಿ ಮಾಯವಾಗಿತ್ತು.

ಇಲ್ಲಿ ನಮ್ಮನ್ನು ಕಾಡುವುದು ಕತ್ತರಿ ಬಿದ್ದುದಲ್ಲ, ಅದು ಎಲ್ಲಿ ಬಿತ್ತು ಎಂಬುದು. ಮೂರ್ಖ ಕ್ಯಾಪ್ಟನ್ ಇರಬಹುದು, ಅವನ ಹಠಕ್ಕೆ ಜೀವ ಹೋಗಬಹುದು, ಅದನ್ನೆಲ್ಲ ಜನ ನೋಡಬಹುದು. ಹಳೆಯ ಕಥೆ ತಾನೇ! ಆ ಕಥೆಯನ್ನು ಇಂದಿಗೆ ಜೋಡಿಸುವ ಕೊಂಡಿ ಮಾತ್ರ ಇರಬಾರದು. ಸತ್ಯವನ್ನು ಅಡಗಿಸಲು ಸುಳ್ಳು ಹೇಳಲೇಬೇಕೆಂದಿಲ್ಲ. ಎರಡು ನಿಜಗಳ ನಡುವೆ ಇರುವ 'ಆದ್ದರಿಂದ' ಎಂಬ ಪದವನ್ನು ಕಿತ್ತರೂ ಸಾಕು. ಹಾಗೆ ಮಾಡಿದವನನ್ನು ಸುಳ್ಳುಗಾರ ಎನ್ನಲು ಯಾರಿಂದಲೂ ಆಗದು.

ಹಾಸ್ಯಕ್ಕೆ ಈ ವಿಷಯದಲ್ಲಿ ಸ್ವಲ್ಪ ಸಲುಗೆಯಿದೆ. ಅದೇ ಕಾರ್ಯಕ್ರಮದಲ್ಲಿ ಪ್ಯಾಟ್ ಪಾಲ್ಸನ್ ಎಂಬ ಹಾಸ್ಯ ನಟ 1968ರ ಅಧ್ಯಕ್ಷ ಚುನಾವಣೆಗೆ ಅಣಕು ಅಭ್ಯರ್ಥಿಯಾಗಿ ನಿಂತು, ಮುಖ ಗಂಟಿಕ್ಕಿಕೊಂಡು ಭಾಷಣ ಬಿಗಿಯುತ್ತಿದ್ದರು. ನಕ್ಕವನು ನಗುವಿನಲ್ಲೇ ಹಗುರಾಗುತ್ತಾನೆ, ನಗೆಗೀಡಾದವನೂ ನಕ್ಕು ಪಾರಾಗುತ್ತಾನೆ. ಹಾಡು ಇಬ್ಬರಿಗೂ ಅಂಥ ದಾರಿ ಬಿಡುವುದಿಲ್ಲ. ಹಾಗೆಂದು ನಗುವನ್ನು ತೀರಾ ಕಡೆಗಣಿಸಲಾಗದು, ಅಲ್ಲಿನ ಎಷ್ಟೋ ಪ್ರಹಸನಗಳಿಗೂ ಕತ್ತರಿ ಬಿದ್ದಿತ್ತು. ಎಲ್ಲ ವಿಡಂಬನೆಯೂ ನಮಗೆ ಒಪ್ಪಿಗೆ ಎಂದೂ ಅಲ್ಲ. ಡೇವಿಡ್ ಸ್ಟೈನ್‌ಬರ್ಗ್ ಎಂಬ ನಟ ಪ್ರವಾದಿ ಮೂಸಾರ ಕಥೆಯನ್ನು ಅಣಕು ಪ್ರವಚನ ಮಾಡಿದಾಗ ನೊಂದವರ ಪತ್ರಗಳು ರಾಶಿ ಬಿದ್ದವು. ಆಳುವವನನ್ನು ಕೆಣಕುವುದು, ಬಡ ವಿಶ್ವಾಸಿಯ ಮನಸ್ಸನ್ನು ಕೆಣಕುವುದು ಎರಡೂ ಒಂದೇ ಧೈರ್ಯವೆಂದು ನಾವು ಭಾವಿಸುವುದಿಲ್ಲ. ಆದರೆ ಕತ್ತರಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ.

ಸೀಗರ್ ಮಾಡಿದ್ದು ಸರಿಯೇ? ಮುಕ್ಕಾಲು ಸತ್ಯವಾದರೂ ಮನೆ ಮನೆಗೆ ಹೋಗಲಿ ಎನ್ನುವವರ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು. ನಾಲ್ಕು ವರ್ಷಗಳ ಹಿಂದೆ, 1963ರಲ್ಲಿ, ಎಬಿಸಿ ಸಂಸ್ಥೆ 'ಹೂಟೆನಾನಿ' ಎಂಬ ಜಾನಪದ ಕಾರ್ಯಕ್ರಮ ಆರಂಭಿಸಿ ಸೀಗರ್‌ರನ್ನು ಹೊರಗಿಟ್ಟಿತ್ತು. ದೇಶನಿಷ್ಠೆಯ ಪ್ರಮಾಣಪತ್ರಕ್ಕೆ ಸಹಿ ಹಾಕಿದರೆ ನೋಡೋಣ ಎಂದಿತ್ತು, ಅವರು ಹಾಕಲಿಲ್ಲ. ಜೋನ್ ಬಯೆಜ್ ಮತ್ತು 'ಪೀಟರ್, ಪಾಲ್ ಅಂಡ್ ಮೇರಿ' ತಂಡದವರು ಪ್ರತಿಭಟಿಸಿ ಆ ವೇದಿಕೆ ಏರಲಿಲ್ಲ. ಸೀಗರ್ ಮಾತ್ರ, ಜನಪದ ಸಂಗೀತ ಜನರನ್ನು ಮುಟ್ಟಲಿ, ನೀವು ಹೋಗಿ ಎಂದೇ ಇತರರನ್ನು ಹುರಿದುಂಬಿಸಿದ್ದರು. ತನ್ನನ್ನು ಬಿಟ್ಟುಬಿಡುವುದಕ್ಕೆ ಒಪ್ಪಿದ್ದ ಮನುಷ್ಯ ಚರಣವೊಂದನ್ನು ಬಿಡುವುದಕ್ಕೆ ಒಪ್ಪಲಿಲ್ಲ. ಅವರ ಹಠ ಅಹಂಕಾರದ್ದಾಗಿರಲಿಲ್ಲ ಎಂದು ನಾವು ನಂಬುವುದು ಇದರಿಂದಲೇ. ತನಗಾಗುವ ನಷ್ಟವನ್ನು ತಾನು ಮಾಫಿ ಮಾಡಬಹುದು, ಆದರೆ ನದಿಗಿಳಿದಿದ್ದ ಸೈನಿಕರ ಪರವಾಗಿ ಮಾಫಿ ಮಾಡುವ ಅಧಿಕಾರ ಹಾಡುಗಾರನಿಗಿಲ್ಲ.

ಸ್ಮದರ್ಸ್ ಸಹೋದರರ ನಡೆಯನ್ನು ತೂಗುವುದು ಇನ್ನೂ ಕಷ್ಟ. ಹಾಡನ್ನು ಕಡಿದವರ ಮನೆಯಲ್ಲೇ ಅವರು ಮುಂದುವರಿದರು. ಆದರೆ ಸುಮ್ಮನಿರಲಿಲ್ಲ. ಪತ್ರಿಕೆಗಳಿಗೆ ದೂರು ಹೇಳಿದರು, ಸೀಗರ್‌ರನ್ನು ಮತ್ತೆ ಕರೆದರು. 1968ರ ಫೆಬ್ರವರಿ 25ರಂದು ಕೊನೆಯ ಚರಣದ ಸಮೇತ ಹಾಡು ಪ್ರಸಾರವಾಯಿತು. ತಾಳ್ಮೆ ಗೆದ್ದಿತು ಎನ್ನೋಣವೇ? ಈ ನಡುವೆ ಜನವರಿ ಕೊನೆಯಲ್ಲಿ ಟೆಟ್ ದಾಳಿ ನಡೆದು, ಯುದ್ಧ ಗೆಲ್ಲುತ್ತಿದ್ದೇವೆ ಎಂಬ ಸರಕಾರದ ಮಾತು ಪೊಳ್ಳೆಂದು ಜನರಿಗೆ ತಿಳಿದುಹೋಗಿತ್ತು. ಹಾಡು ಪ್ರಸಾರವಾದ ಎರಡು ದಿನಗಳ ಬಳಿಕ ಅದೇ ಸಿಬಿಎಸ್‌ನ ಸುದ್ದಿ ವಾಚಕ ವಾಲ್ಟರ್ ಕ್ರಾಂಕೈಟ್, ಈ ಯುದ್ಧ ಎಲ್ಲೂ ತಲುಪದೆ ಸಿಕ್ಕಿಬಿದ್ದಿದೆ ಎಂದರು. ಸೆಪ್ಟೆಂಬರ್‌ನಲ್ಲಿ ಹೇಳಬಾರದಾಗಿದ್ದ ಮಾತು ಫೆಬ್ರವರಿಯಲ್ಲಿ ಹೇಳಬಹುದಾಯಿತು. ಆ ಐದು ತಿಂಗಳಲ್ಲಿ ಸತ್ತವರ ಮನೆಯವರಿಗೆ ಈ ತಾಳ್ಮೆಯನ್ನು ಹೇಗೆ ವಿವರಿಸುವುದೋ ನಮಗೆ ತಿಳಿಯದು.

1969ರ ಏಪ್ರಿಲ್‌ನಲ್ಲಿ ಸಿಬಿಎಸ್ ಕಾರ್ಯಕ್ರಮವನ್ನೇ ರದ್ದು ಮಾಡಿತು. ಸಹೋದರರು ದಾವೆ ಹೂಡಿದರು. 1973ರಲ್ಲಿ ಕರಾರು ಮುರಿದುದಕ್ಕಾಗಿ 7,76,300 ಡಾಲರ್ ಪರಿಹಾರವೂ ಸಿಕ್ಕಿತು.

ರದ್ದಾಗುವ ಕೆಲವೇ ದಿನಗಳ ಮುಂಚೆ ಜೋನ್ ಬಯೆಜ್ ಅದೇ ವೇದಿಕೆಗೆ ಬಂದಿದ್ದರು. ಆಕೆಯ ಪತಿ ಡೇವಿಡ್ ಹ್ಯಾರಿಸ್ ಸೇನೆಗೆ ಸೇರಲು ನಿರಾಕರಿಸಿ ಜೈಲಿಗೆ ಹೊರಟಿದ್ದರು. ಹಾಡೊಂದನ್ನು ಪತಿಗೆ ಅರ್ಪಿಸಿ, ಅವರು ಜೈಲಿಗೆ ಹೋಗುತ್ತಿದ್ದಾರೆ ಎಂದೂ, ಯಾಕೆ ಹೋಗುತ್ತಿದ್ದಾರೆ ಎಂದೂ ಬಯೆಜ್ ಹೇಳಿದರು. ಪ್ರಸಾರವಾದಾಗ ಮೊದಲ ಮಾತು ಇತ್ತು, ಎರಡನೆಯದು ಇರಲಿಲ್ಲ. ಆ ರಾತ್ರಿ ಮನೆಯಲ್ಲಿ ಕೂತು ನೋಡಿದವರು, ಆತ ಏನನ್ನು ಕದ್ದನೆಂದು ಭಾವಿಸಿಕೊಂಡರೋ.